ಮಗಳು ಮಕ್ಕಳ ಕ್ಯಾನ್ಸರ್ ವೈದ್ಯೆಯಾಗುತ್ತೇನೆ ಎನ್ನುತ್ತಾಳೆ, ಒಪ್ಪಲೇ?

ಪ್ರಶ್ನೆ: ನಾನು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ. ಮಗಳು ಕೋಲಾರದಲ್ಲಿ ಎಂಬಿಬಿಎಸ್ ಮುಗಿಸಿ ಇಂಟರ್ನ್‌ಷಿಪ್ ಮಾಡುತ್ತಿದ್ದಾಳೆ. ಮುಂದೆ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯನ್ನೇ ಕಲಿಯುತ್ತೇನೆ, ಸಂಶೋಧನೆಯನ್ನೂ ಮಾಡುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಸಾಯುವ ಮಕ್ಕಳನ್ನು ನೋಡುತ್ತಲೇ ಇವಳ ಬದುಕು ಕಳೆದುಹೋಗುತ್ತದಲ್ಲ ಎಂಬುದು ನನ್ನ ಸಂಕಟ. ಇನ್ನೂ ಎಷ್ಟು ವರ್ಷ ಓದಬೇಕು? ಸಂಶೋಧನೆ ಎಂದರೆ ಅಮೆರಿಕಕ್ಕೆ ಹೋಗಬೇಕೇ? ಕೊನೆಗೆ ನಮ್ಮ ಕಡೆಯವರಿಗೆ ಅವಳಿಂದ ಏನಾದರೂ ಉಪಯೋಗವಾಗುತ್ತದೆಯೇ?

ಉತ್ತರ: ‘ಸಾಯುವ ಮಕ್ಕಳು’ ಎಂಬ ನಿಮ್ಮ ಮಾತನ್ನು ಓದಿ ಪತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟೆ. ನಾನು ಮುಳಬಾಗಿಲು ಕಡೆಯ ಹಳ್ಳಿಯಲ್ಲಿ ಬೆಳೆದೆ. ಈ ವಿಭಾಗ ಸೇರುತ್ತೇನೆ ಎಂದಾಗ ನನ್ನ ತಂದೆಯೂ ಇದೇ ಮಾತನ್ನು ಆಡಿದ್ದರು. ಅಂದು ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಇಪ್ಪತ್ತಾರು ವರ್ಷ ಇದೇ ಕೆಲಸದಲ್ಲಿ ಕಳೆದ ಮೇಲೆ ನಿಮಗೆ ಕೊಡಬಲ್ಲೆ ಅನ್ನಿಸುತ್ತದೆ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಅದರಲ್ಲಿಯೂ ಎ.ಎಲ್.ಎಲ್. ಎಂದು ನಾವು ಕರೆಯುವ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ. 1947ರವರೆಗೆ ಈ ಕಾಯಿಲೆ ಬಂದ ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. ಇಂದು ಶ್ರೀಮಂತ ದೇಶಗಳಲ್ಲಿ ಎಲ್ಲ ಬಗೆಯ ಕ್ಯಾನ್ಸರ್ ಸೇರಿಸಿ ನೋಡಿದರೂ ನೂರರಲ್ಲಿ ಎಂಬತ್ತಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡ ದೇಶಗಳಲ್ಲಿ ಈ ಲೆಕ್ಕ ಮೂವತ್ತಕ್ಕೂ ಕೆಳಗಿದೆ. ನಾವು ಇವೆರಡರ ನಡುವೆ ಇದ್ದೇವೆ. ಮದ್ದು ಗೊತ್ತಿದ್ದೂ ಮಗು ಉಳಿಯದ ಆ ಅಂತರದಲ್ಲಿಯೇ ನಿಮ್ಮ ಮಗಳ ಕೆಲಸವಿದೆ.

ಈ ಎಂಬತ್ತು ಬಂದ ದಾರಿಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಅದು ಪೂರ್ತಿಯಾಗಿ ಅಮೆರಿಕದ ದಾರಿಯಲ್ಲ. ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಗರ್ಭಿಣಿಯರ ರಕ್ತಹೀನತೆಯ ಬೆನ್ನು ಹತ್ತಿದರು. ಯೀಸ್ಟ್‌ನ ಸಾರ ಕೊಟ್ಟರೆ ಅವರು ಚೇತರಿಸಿಕೊಳ್ಳುತ್ತಾರೆಂದು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಜೀವಸತ್ವಕ್ಕೆ ಮುಂದೆ ಫೋಲಿಕ್ ಆಮ್ಲ ಎಂಬ ಹೆಸರು ಬಂತು. ನಮ್ಮ ಆಶಾ ಕಾರ್ಯಕರ್ತೆಯರು ಬಸುರಿಯರಿಗೆ ಹಂಚುವ ಮಾತ್ರೆಯಲ್ಲಿ ಕಬ್ಬಿಣದ ಜೊತೆಗಿರುವುದು ಇದೇ. ಅಮೆರಿಕದ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಈ ವಸ್ತುವನ್ನು ರಕ್ತದ ಕ್ಯಾನ್ಸರ್ ಮಕ್ಕಳಿಗೆ ಕೊಟ್ಟು ನೋಡಿದಾಗ ಕಾಯಿಲೆ ಇನ್ನಷ್ಟು ಕೆರಳಿತು. ಹಾಗಾದರೆ ಇದನ್ನು ತಡೆಯುವ ವಸ್ತು ಕೊಟ್ಟರೆ ಕಾಯಿಲೆ ಹಿಂಜರಿಯಬೇಕಲ್ಲವೇ ಎಂದು ಅವರು ಯೋಚಿಸಿದರು. ಆ ವಸ್ತುವನ್ನು ತಯಾರಿಸಿ ಕೊಟ್ಟ ಪ್ರಯೋಗಾಲಯದ ಮುಖ್ಯಸ್ಥರು ಯಲ್ಲಾಪ್ರಗಡ ಸುಬ್ಬರಾವ್, ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಹುಟ್ಟಿದವರು. ಅಮಿನಾಪ್ಟೆರಿನ್ ಎಂಬ ಆ ಮದ್ದನ್ನು 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳಲ್ಲಿ ಸುಧಾರಣೆ ಕಂಡಿತೆಂದು ಫಾರ್ಬರ್ 1948ರ ಜೂನ್‌ನಲ್ಲಿ ವರದಿ ಮಾಡಿದರು. ಸುಬ್ಬರಾವ್ ಅದೇ ಆಗಸ್ಟ್‌ನಲ್ಲಿ ತೀರಿಕೊಂಡರು. ಅವರ ಕೆಲಸದಿಂದ ಬದುಕಿದ ಮಕ್ಕಳ ಲೆಕ್ಕ ಇಡಲು ಸಾಧ್ಯವಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗೇ ಮಾತು. ಆ ಮನೆಗಳ ಮಕ್ಕಳಿಗೂ ಈ ಹೆಸರು ಗೊತ್ತಿಲ್ಲ ಎಂಬುದು ನನಗೆ ಪ್ರತಿ ಸಲವೂ ನೋವು ಕೊಡುತ್ತದೆ.

ಆ 10 ಮಕ್ಕಳ ಸುಧಾರಣೆ ಉಳಿಯಲಿಲ್ಲ. ಕಾಯಿಲೆ ಮರಳಿ ಬಂತು. ಒಂದೇ ಮದ್ದು ಸಾಲದು, ಹಲವನ್ನು ಕೂಡಿಸಿ ಎರಡು ಮೂರು ವರ್ಷ ಬಿಡದೆ ಕೊಡಬೇಕು, ಮಿದುಳಿನ ಸುತ್ತ ಅಡಗಿದ ಕಣಗಳನ್ನೂ ಹುಡುಕಿ ಕೊಲ್ಲಬೇಕು ಎಂದು ತೋರಿಸಿಕೊಟ್ಟವರು, ಸ್ವತಃ ಪೋಲಿಯೊ ಬಂದು ಮಲಗಿ ಎದ್ದ ಅಮೆರಿಕದ ಮಕ್ಕಳ ವೈದ್ಯ ಡೊನಾಲ್ಡ್ ಪಿಂಕೆಲ್. 1960ರ ದಶಕದ ಕೊನೆಗೆ ಅವರ ಆಸ್ಪತ್ರೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಗುಣವಾಗತೊಡಗಿದರು. ಅವರು ಕೂಡಿಸಿದ ಮದ್ದುಗಳಲ್ಲಿ ವಿನ್‌ಕ್ರಿಸ್ಟೀನ್ ಒಂದು. ಅದು ಬರುವುದು ನಿಮ್ಮ ಅಂಗಳದಲ್ಲಿಯೂ ಇರಬಹುದಾದ ನಿತ್ಯಪುಷ್ಪದ ಗಿಡದಿಂದ. ನಮ್ಮ ದೇಶದಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ, ಚೆನ್ನೈ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ, ದೆಹಲಿಯ ಏಮ್ಸ್ ಸೇರಿ 1984ರಲ್ಲಿ ಎಂ.ಸಿ.ಪಿ. 841 ಎಂಬ ಒಂದೇ ಕ್ರಮದ ಚಿಕಿತ್ಸೆಯನ್ನು ಆರಂಭಿಸಿದವು. ನಮ್ಮ ಮಕ್ಕಳ ದೇಹ ಎಷ್ಟು ತಾಳುತ್ತದೆ, ನಮ್ಮ ಆಸ್ಪತ್ರೆಗಳಲ್ಲಿ ಏನು ಸಿಗುತ್ತದೆ ಎಂದು ನೋಡಿ ರೂಪಿಸಿದ ಕ್ರಮ ಅದು. ಐದರಲ್ಲಿ ಒಂದು ಮಗು ಉಳಿಯುವುದೂ ಕಷ್ಟವಾಗಿದ್ದ ಕಡೆ ಸುಮಾರು ಅರ್ಧದಷ್ಟು ಉಳಿಯುವಂತಾಯಿತು. ಆಮೇಲೆ ಅದು ಇನ್ನೂ ಮೇಲೆ ಹೋಗಿದೆ.

ಹಾಗೆಂದು ಸಾವನ್ನು ಮುಚ್ಚಿಟ್ಟು ನಿಮಗೆ ಬರೆದರೆ ತಪ್ಪಾಗುತ್ತದೆ. ನಾನು ಮಕ್ಕಳನ್ನು ಕಳೆದುಕೊಂಡಿದ್ದೇನೆ. ಕೆಲವರ ಮುಖ, ಅವರು ಹಿಡಿದುಕೊಂಡು ಬರುತ್ತಿದ್ದ ಗೊಂಬೆ, ಮಂಚದ ನಂಬರು ಈಗಲೂ ಕಣ್ಣ ಮುಂದೆ ಇವೆ. ನಿಮ್ಮ ಮಗಳೂ ಕೆಲವು ರಾತ್ರಿ ಊಟ ಬಿಟ್ಟು ಮಲಗುತ್ತಾಳೆ. ಆಗ ಅವಳಿಗೆ ‘ನಾನು ಮೊದಲೇ ಹೇಳಿದ್ದೆ’ ಎಂದು ಮಾತ್ರ ಹೇಳಬೇಡಿ. ನನ್ನ ತಂದೆ ಏನೂ ಮಾತನಾಡದೆ ಪಕ್ಕದಲ್ಲಿ ಕುಳಿತಿರುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ನಾನು ಈ ದಾರಿ ಹಿಡಿದದ್ದು ಒಂದು ತಪ್ಪಿನಿಂದ. ಎಂಬಿಬಿಎಸ್ ಮುಗಿಸಿದ ಹೊಸತರಲ್ಲಿ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಐದು ವರ್ಷದ ಹುಡುಗನೊಬ್ಬ ಬಂದ. ರಾತ್ರಿ ಹೊತ್ತು ಕಾಲುನೋವೆಂದು ಅಳುತ್ತಿದ್ದ, ಆಗಾಗ ಸಣ್ಣ ಜ್ವರ, ಮುಖ ಬಿಳಿಚಿಕೊಂಡಿತ್ತು. ಕೀಲುವಾತವಿರಬೇಕೆಂದು ಎಣಿಸಿ ಸ್ಟೀರಾಯ್ಡ್ ಸಿರಪ್ ಬರೆದುಕೊಟ್ಟೆ. ಒಂದೇ ವಾರದಲ್ಲಿ ಹುಡುಗ ಎದ್ದು ಓಡಾಡಿದ. ತಾಯಿ ಒಂದು ಚೀಲ ಕಡಲೆಕಾಯಿ ತಂದುಕೊಟ್ಟು ಕೈಮುಗಿದು ಹೋದಳು. ಎರಡು ತಿಂಗಳ ಮೇಲೆ ಅದೇ ಹುಡುಗ ವಸಡಿನಿಂದ ರಕ್ತ ಸುರಿಸುತ್ತಾ ಬಂದ. ಸ್ಟೀರಾಯ್ಡ್ ರಕ್ತದ ಕ್ಯಾನ್ಸರಿಗೆ ಕೊಡುವ ಮದ್ದುಗಳಲ್ಲಿಯೇ ಒಂದು. ಒಂಟಿಯಾಗಿ ಕೊಟ್ಟರೆ ಕಾಯಿಲೆ ಕೆಲವು ದಿನ ತಲೆತಗ್ಗಿಸಿ ಅಡಗುತ್ತದೆ, ಆಮೇಲೆ ಮದ್ದಿಗೆ ಬಗ್ಗದ ಹಾಗೆ ಮೇಲೇಳಬಹುದು. ಅವನು ಉಳಿಯಲಿಲ್ಲ. ಸಿರಪ್ ಬರೆಯುವ ಮೊದಲು ಒಂದು ತೊಟ್ಟು ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ದರೆ ಸಂಶಯ ಹುಟ್ಟುತ್ತಿತ್ತು. ಅದಕ್ಕೆ ಬೇಕಾದದ್ದೆಲ್ಲ ಪಕ್ಕದ ಕೋಣೆಯಲ್ಲಿಯೇ ಇತ್ತು. ನಾನು ಕೇಳಲಿಲ್ಲ, ಅಷ್ಟೇ.

ಇದನ್ನು ನಿಮಗೆ ಹೇಳಲು ಕಾರಣವಿದೆ. ನೀವು ರೇಷ್ಮೆ ಬೆಳೆಗಾರರು. ಹುಳುಗಳಿಗೆ ಬರುವ ಗಂಟು ರೋಗ ಎಂದರೇನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದು ಕಾಲಕ್ಕೆ ಆ ರೋಗ ಫ್ರಾನ್ಸಿನ ರೇಷ್ಮೆಯನ್ನೇ ಮುಳುಗಿಸಿತ್ತು. 1865ರಲ್ಲಿ ಲೂಯಿ ಪಾಶ್ಚರ್ ಅದರ ಬೆನ್ನು ಹತ್ತಿ, ಕೆಲವು ವರ್ಷ ಹುಳು ಮನೆಗಳಲ್ಲಿಯೇ ಕಳೆದು, ರೋಗ ತಾಯಿ ಚಿಟ್ಟೆಯಿಂದ ಮೊಟ್ಟೆಗೆ ದಾಟುತ್ತದೆ ಎಂದು ತೋರಿಸಿದರು. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗವಿಲ್ಲದ ತಾಯಿಯ ಮೊಟ್ಟೆಯನ್ನು ಮಾತ್ರ ಸಾಕಬೇಕೆಂದರು. ಇಂದು ನೀವು ‘ರೋಗರಹಿತ ಮೊಟ್ಟೆ’ ಎಂದು ಕೇಳಿ ತರುತ್ತೀರಲ್ಲ, ಅದರ ಹಿಂದೆ ಆ ಪರೀಕ್ಷೆ ಇದೆ. ನಿಮ್ಮ ಮನೆಗೆ ಸಂಶೋಧನೆ ಬಂದು ತಲೆಮಾರುಗಳಾಗಿವೆ. ಮಗಳು ಕೇಳುತ್ತಿರುವುದು ಅದೇ ಕೆಲಸವನ್ನು, ಮಕ್ಕಳಿಗಾಗಿ.

ಅದಕ್ಕೆ ಅಮೆರಿಕಕ್ಕೆ ಹೋಗಲೇಬೇಕಿಲ್ಲ. ಹೋಗಿ ಕಲಿತು ಬಂದರೆ ಒಳ್ಳೆಯದೇ. ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯರ ಕಥೆಯನ್ನು ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ. ಬಾಲ್ಯದಲ್ಲಿಯೇ ಒಂದು ಕಣ್ಣು ಕಳೆದುಕೊಂಡಿದ್ದ ಅವರು ಉಗಾಂಡದ ಕಂಪಾಲಾದ ಆಸ್ಪತ್ರೆಯಲ್ಲಿದ್ದರು. 1957ರಲ್ಲಿ ದವಡೆಯ ಎರಡೂ ಬದಿ ಊದಿಕೊಂಡ ಹುಡುಗನೊಬ್ಬನನ್ನು ನೋಡಿದರು. ಕೆಲವು ವಾರಗಳಲ್ಲಿ ಬೇರೊಂದು ಊರಿನ ಆಸ್ಪತ್ರೆಯಲ್ಲಿ ಅಂಥದೇ ಇನ್ನೊಂದು ಮಗು ಕಾಣಿಸಿತು. ಬೇರೆಯವರಾಗಿದ್ದರೆ ಎರಡು ಕೇಸ್ ಶೀಟ್ ಬರೆದು ಮುಂದಕ್ಕೆ ಹೋಗುತ್ತಿದ್ದರು. ಬರ್ಕಿಟ್ ಹಳೆಯ ದಾಖಲೆಗಳನ್ನು ತೆಗೆಸಿದರು, ಇತರ ಆಸ್ಪತ್ರೆಗಳಿಗೆ ಚಿತ್ರ ಕಳಿಸಿ ಇಂಥ ಮಕ್ಕಳು ಬರುತ್ತಾರೆಯೇ ಎಂದು ಕೇಳಿದರು. 1961ರಲ್ಲಿ ಇಬ್ಬರು ಗೆಳೆಯರೊಂದಿಗೆ ಹಳೆಯ ಕಾರೊಂದರಲ್ಲಿ ಹೊರಟು, ಸುಮಾರು ಹತ್ತು ವಾರಗಳಲ್ಲಿ 16,000 ಕಿಲೋಮೀಟರ್ ಸುತ್ತಿ, ಐವತ್ತಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ವಿಚಾರಿಸಿದರು. ಮಳೆ ಮತ್ತು ಸೆಕೆ ಹೆಚ್ಚಿರುವ ಪ್ರದೇಶಗಳಲ್ಲಿಯೇ ಈ ಗೆಡ್ಡೆ ಕಾಣುತ್ತದೆ ಎಂಬ ನಕ್ಷೆ ಅದರಿಂದ ಹುಟ್ಟಿತು. ಅವರ ಉಪನ್ಯಾಸ ಕೇಳಿದ ಬ್ರಿಟಿಷ್ ವಿಜ್ಞಾನಿ ಆಂಥೊನಿ ಎಪ್ಸ್ಟೀನ್ ಮತ್ತು ಸಂಗಡಿಗರು ಆ ಗೆಡ್ಡೆಯ ಜೀವಕೋಶಗಳಲ್ಲಿ ಒಂದು ವೈರಸ್ಸನ್ನು 1964ರಲ್ಲಿ ಕಂಡರು. ಮನುಷ್ಯನ ಕ್ಯಾನ್ಸರಿನೊಂದಿಗೆ ನಂಟಿದೆಯೆಂದು ತಿಳಿದ ಮೊದಲ ವೈರಸ್ ಅದು. ಇದೆಲ್ಲ ಶುರುವಾದದ್ದು ಒಂದು ವಾರ್ಡಿನಲ್ಲಿ, ಒಬ್ಬ ವೈದ್ಯ ಎರಡನೆಯ ಮಗುವನ್ನು ನೋಡಿ ಮೊದಲನೆಯದನ್ನು ನೆನಪಿಸಿಕೊಂಡದ್ದರಿಂದ.

ನಮ್ಮಲ್ಲಿಯೇ ಉತ್ತರ ಹುಡುಕಬೇಕಾದ ಪ್ರಶ್ನೆಗಳು ಬೇಕಾದಷ್ಟಿವೆ. ರಕ್ತದ ಕ್ಯಾನ್ಸರ್ ಮಕ್ಕಳು ಮನೆಯಲ್ಲಿ ದಿನವೂ ನುಂಗುವ ಮಾತ್ರೆ ಮರ್‌ಕ್ಯಾಪ್ಟೋಪ್ಯೂರಿನ್. ಹೊರದೇಶದ ಪುಸ್ತಕದಲ್ಲಿರುವಷ್ಟೇ ಪ್ರಮಾಣ ಕೊಟ್ಟರೆ ನಮ್ಮ ಕೆಲವು ಮಕ್ಕಳ ಬಿಳಿ ರಕ್ತಕಣಗಳು ಅಪಾಯದ ಮಟ್ಟಕ್ಕೆ ಕುಸಿಯುತ್ತವೆ. ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಒಂದು ಜೀನ್ ವ್ಯತ್ಯಾಸ ಇದಕ್ಕೆ ಕಾರಣವೆಂದು ಗೊತ್ತಾದದ್ದು 2014ರಲ್ಲಿ ಕೊರಿಯಾದ ವೈದ್ಯರಿಂದ. ಅಲ್ಲಿಯವರೆಗೆ ಎಷ್ಟೋ ವೈದ್ಯರು ಈ ಮಗುವಿಗೇಕೆ ಹೀಗಾಗುತ್ತಿದೆ ಎಂದು ತಲೆಕೆಡಿಸಿಕೊಂಡಿದ್ದೆವು. ಪೌಷ್ಟಿಕತೆ ಕಡಿಮೆಯಿರುವ ಮಗುವಿಗೆ ಎಷ್ಟು ಮದ್ದು ಕೊಡಬೇಕು? ಯಾವ ಮಗುವಿಗೆ ಮೃದುವಾದ ಚಿಕಿತ್ಸೆ ಸಾಕು? ಇಂಥ ಪ್ರಶ್ನೆಗಳಿಗೆ ನಮ್ಮ ದೇಶದ ಹಲವು ಕೇಂದ್ರಗಳು ಒಟ್ಟಾಗಿ ಉತ್ತರ ಹುಡುಕುತ್ತಿವೆ. ಮಗಳು ಸೇರಬೇಕಾದದ್ದು ಆ ಗುಂಪಿಗೆ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆಗೆ ಪ್ರಯೋಗಾಲಯವೇ ಬೇಡ. ಮಗು ಏಕೆ ಮರಳಿ ಬರಲಿಲ್ಲ?

ಚಿಕಿತ್ಸೆ ಶುರುವಾದ ನಾಲ್ಕೈದು ವಾರಕ್ಕೆ ಹೆಚ್ಚಿನ ಮಕ್ಕಳ ಮೂಳೆಮಜ್ಜೆಯಲ್ಲಿ ಕ್ಯಾನ್ಸರ್ ಕಣ ಕಾಣದಾಗುತ್ತದೆ. ಮಗು ನಗುತ್ತದೆ, ಊಟ ಕೇಳುತ್ತದೆ. ಕಾಯಿಲೆ ಹೋಯಿತೆಂದು ಮನೆಯವರಿಗೆ ಅನ್ನಿಸುವುದು ಸಹಜ. ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಲ ಮದ್ದು ಬೇಕೆಂದು ಹೇಳಿದರೆ ನಂಬುವುದು ಕಷ್ಟ. ನಾನು ನಿಮ್ಮ ಕಡೆಯವರಿಗೆ ಹುಳುವಿನ ಲೆಕ್ಕದಲ್ಲಿ ಹೇಳುತ್ತೇನೆ. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ ಎದ್ದ ಹುಳು ನೋಡಲು ಚೆನ್ನಾಗಿರುತ್ತದೆ. ಇನ್ನು ಸಾಕೆಂದು ಆಗ ಯಾರಾದರೂ ಸೊಪ್ಪು ಹಾಕುವುದನ್ನು ನಿಲ್ಲಿಸುತ್ತಾರೆಯೇ? ನಿಲ್ಲಿಸಿದರೆ ಗೂಡು ಕಟ್ಟಲೆಂದು ಚಂದ್ರಿಕೆಗೆ ಏರಿಸಲು ಏನು ಉಳಿಯುತ್ತದೆ? ಈ ಮಾತು ಹೇಳಿದ ಮೇಲೆ ಅಪ್ಪಂದಿರು ಸುಮ್ಮನೆ ತಲೆಯಾಡಿಸುವುದಿಲ್ಲ, ಮುಂದಿನ ತಾರೀಕು ಯಾವಾಗ ಎಂದು ಕೇಳುತ್ತಾರೆ.

ಶ್ರೀನಿವಾಸಪುರ ಕಡೆಯ ಹುಡುಗಿಯೊಬ್ಬಳು ಹೀಗೆಯೇ ಆರನೇ ತಿಂಗಳಲ್ಲಿ ಕಾಣೆಯಾದಳು. ಮಾವಿನ ಕಾಲ. ತಂದೆ ತಾಯಿ ಇಬ್ಬರೂ ತೋಟದ ಕೂಲಿ. ಬೆಂಗಳೂರಿಗೆ ಬಂದರೆ ಎರಡು ದಿನದ ಕೂಲಿ ಹೋಗುತ್ತದೆ, ಚಿಕ್ಕ ಮಗುವನ್ನು ನೋಡಿಕೊಳ್ಳುವವರಿಲ್ಲ. ನಮ್ಮ ವಾರ್ಡಿನ ದಾದಿಯೊಬ್ಬರು ಹಟ ಹಿಡಿದು ಆಶಾ ಕಾರ್ಯಕರ್ತೆಯ ನಂಬರು ಹುಡುಕಿ, ತೆಲುಗಿನಲ್ಲಿ ಅರ್ಧ ಗಂಟೆ ಮಾತನಾಡಿ, ಅಜ್ಜಿಯನ್ನು ಒಪ್ಪಿಸಿ ಕರೆಸಿದರು. ರಕ್ತಪರೀಕ್ಷೆಯನ್ನು ಹತ್ತಿರದಲ್ಲಿಯೇ ಮಾಡಿಸಿ ಫಲಿತಾಂಶವನ್ನು ಮೊಬೈಲಿನಲ್ಲಿ ಕಳಿಸಲಿ, ಮಾತ್ರೆಯ ಪ್ರಮಾಣವನ್ನು ನಾವು ಫೋನಿನಲ್ಲಿ ಹೇಳುತ್ತೇವೆ, ಬೆನ್ನಿಗೆ ಚುಚ್ಚುವ ಮದ್ದಿನ ದಿನ ಮಾತ್ರ ಬರಲಿ ಎಂದು ಏರ್ಪಾಟು ಮಾಡಿದೆವು. ಆ ಹುಡುಗಿ ಈಗ ಪದವಿ ಓದುತ್ತಿದ್ದಾಳೆ. ಅವಳನ್ನು ಉಳಿಸಿದ ಮದ್ದುಗಳ ಪಟ್ಟಿಯಲ್ಲಿ ಆ ಫೋನ್ ಕರೆಯನ್ನೂ ನಾನು ಸೇರಿಸುತ್ತೇನೆ.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆ. ಪ್ರತಿ ಜಿಲ್ಲೆಯಲ್ಲಿಯೂ ದೊಡ್ಡ ಮಕ್ಕಳ ಕ್ಯಾನ್ಸರ್ ಆಸ್ಪತ್ರೆ ಬೇಕೆಂದು ನಾನು ಹೇಳುವುದಿಲ್ಲ. ರೋಗ ಖಚಿತಪಡಿಸುವುದು, ಮೊದಲ ತಿಂಗಳುಗಳ ಕಠಿಣ ಚಿಕಿತ್ಸೆ, ಇವು 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಸಂಸ್ಥೆಯಲ್ಲಿಯೇ ಆಗಬೇಕು. ಆದರೆ ಆಮೇಲಿನ ಎರಡು ವರ್ಷ ಮಗು ಇರುವುದು ಚಿಂತಾಮಣಿಯಲ್ಲಿ, ಬಾಗೇಪಲ್ಲಿಯಲ್ಲಿ, ಮಾಲೂರಿನಲ್ಲಿ. ಕೀಮೋ ಪಡೆಯುತ್ತಿರುವ ಮಗುವಿಗೆ ರಾತ್ರಿ ಹತ್ತು ಗಂಟೆಗೆ ಜ್ವರ ಬಂದರೆ ಬೆಳಗಿನ ಬಸ್ಸಿಗೆ ಕಾಯುವಂತಿಲ್ಲ. ಆಸ್ಪತ್ರೆಯ ಬಾಗಿಲಿಗೆ ಬಂದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯೋಟಿಕ್ ಹೋಗಬೇಕು. ಕೋಲಾರದಲ್ಲಿ, ಚಿಕ್ಕಬಳ್ಳಾಪುರದಲ್ಲಿ ಇದನ್ನು ಬಲ್ಲ, ಹೆದರದ ಒಬ್ಬ ಮಕ್ಕಳ ವೈದ್ಯೆ ಇದ್ದರೆ ಪ್ರಾಣ ಉಳಿಯುತ್ತದೆ. ಮಗುವಿನ ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿದೆ ಎಂದು ತಾಯಿ ಮೊಬೈಲ್ ತೋರಿಸಿದಾಗ, ಅದು ಕಣ್ಣಿನ ಕ್ಯಾನ್ಸರ್ ಇರಬಹುದೆಂದು ತಿಳಿದು ಅಂದೇ ಕಳಿಸುವವರು ಬೇಕು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಾಗುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾಗದವನ್ನು ಹೇಗೆ ಮಾಡಿಸಬೇಕೆಂದು ಹೇಳುವವರೂ ಬೇಕು. ಅವಳು ಬೆಂಗಳೂರಿನಲ್ಲಿ ಉಳಿದರೂ ಸರಿ, ಊರಿಗೆ ಮರಳಿದರೂ ಸರಿ, ಈ ಎರಡು ತುದಿಗಳನ್ನು ಕಟ್ಟುವ ಹಗ್ಗ ಅವಳಾಗಬಹುದು. ತೆಲುಗು ಗೊತ್ತಿದ್ದರೆ ಬಿಡಬಾರದೆಂದು ಹೇಳಿ.

ಓದಿನ ಲೆಕ್ಕ ಇಷ್ಟು. ಸ್ನಾತಕೋತ್ತರ ಪ್ರವೇಶ ಪರೀಕ್ಷೆ ನೀಟ್ ಪಿ.ಜಿ. ಬರೆದು ಮಕ್ಕಳ ವೈದ್ಯಶಾಸ್ತ್ರದಲ್ಲಿ ಎಂ.ಡಿ., ಮೂರು ವರ್ಷ. ಆಮೇಲೆ ಅದಕ್ಕೂ ಮೇಲಿನ ಓದಿನ ಪ್ರವೇಶ ಪರೀಕ್ಷೆ ನೀಟ್ ಎಸ್.ಎಸ್. ಬರೆದು ಮಕ್ಕಳ ಕ್ಯಾನ್ಸರ್ ವಿಭಾಗದಲ್ಲಿ ಡಿ.ಎಂ. ಪದವಿ ಅಥವಾ ಅದಕ್ಕೆ ಸಮನಾದ ತರಬೇತಿ, ಇನ್ನೂ ಮೂರು ವರ್ಷ. ನಡುವೆ ಪರೀಕ್ಷೆಗೆಂದು ಒಂದೆರಡು ವರ್ಷ ಹೋಗಬಹುದು. ಮೂವತ್ತು ದಾಟುತ್ತದೆ. ಈ ಅವಧಿಯಲ್ಲಿ ಸ್ಟೈಪೆಂಡ್ ಬರುತ್ತದೆ, ಅವಳು ನಿಮಗೆ ಭಾರವಾಗುವುದಿಲ್ಲ. ಖಾಸಗಿ ಸೀಟಿಗೆಂದು ಹಿಪ್ಪುನೇರಳೆ ತೋಟವನ್ನು ಮಾರಬೇಡಿ. ಇನ್ನೊಂದು ವರ್ಷ ಓದಿ ಸರ್ಕಾರಿ ಸೀಟು ಪಡೆಯಲಿ. ಹೃದ್ರೋಗ ತಜ್ಞರಷ್ಟು ಹಣ ಈ ವಿಭಾಗದಲ್ಲಿಲ್ಲ, ಆದರೆ ಮರ್ಯಾದೆಯಿಂದ ಬದುಕಬಹುದು. ಮದುವೆಯ ವಿಷಯವನ್ನು ನೀವು ಬರೆದಿಲ್ಲವಾದರೂ ಮನಸ್ಸಿನಲ್ಲಿರುತ್ತದೆ. ಅವಳ ರಾತ್ರಿ ಪಾಳಿಯನ್ನು ಗೌರವಿಸುವ ಮನೆ ಸಿಗುವವರೆಗೆ ಕಾಯುವುದರಲ್ಲಿ ನಷ್ಟವಿಲ್ಲ.

ಇಂಟರ್ನ್‌ಷಿಪ್ಪಿನಲ್ಲಿಯೇ ಅವಳು ಮಾಡಬಹುದಾದ ಕೆಲಸವಿದೆ. ದಿನವೂ ಲ್ಯಾಬ್ ತಂತ್ರಜ್ಞರ ಪಕ್ಕ ಹತ್ತು ನಿಮಿಷ ಕುಳಿತು ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತವನ್ನು, ಅಂದರೆ ಸ್ಮಿಯರ್ ನೋಡುವುದನ್ನು ಕಲಿಯಲಿ. ಮಕ್ಕಳ ವಾರ್ಡಿನಲ್ಲಿ ರಕ್ತಹೀನತೆಯೆಂದು ಬರುವ ಮಕ್ಕಳಲ್ಲಿ ಯಾರಿಗೆ ಮೈಮೇಲೆ ನೀಲಿ ಕಲೆಗಳಿವೆ, ಯಾರಿಗೆ ಎಷ್ಟು ದಿನದಿಂದ ಜ್ವರವಿದೆ, ಇಲ್ಲಿಗೆ ಬರುವ ಮೊದಲು ಎಷ್ಟು ಕಡೆ ತೋರಿಸಿದ್ದರು ಎಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಹೆಸರು ಬೇಡ, ದಿನಗಳ ಲೆಕ್ಕ ಸಾಕು. ಲಕ್ಷಣ ಕಂಡ ದಿನದಿಂದ ರೋಗ ಗೊತ್ತಾದ ದಿನದವರೆಗೆ ನಮ್ಮ ಜಿಲ್ಲೆಯ ಮಗುವಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬುದು ಅವಳ ಮೊದಲ ಪ್ರಬಂಧವಾಗಬಹುದು.

ಒಪ್ಪುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು ಅವಳ ಜೊತೆ ಬೆಂಗಳೂರಿನ ಯಾವುದಾದರೂ ಮಕ್ಕಳ ಕ್ಯಾನ್ಸರ್ ಹೊರರೋಗಿ ವಿಭಾಗಕ್ಕೆ ಹೋಗಿ ಬನ್ನಿ. ಹುಳು ಮನೆ ಖಾಲಿಯಿರುವ ವಾರ ನೋಡಿಕೊಳ್ಳಿ. ಮಗಳು ಒಳಗೆ ವೈದ್ಯರೊಂದಿಗೆ ಮಾತನಾಡಲಿ. ನೀವು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಿ. ತಲೆಗೂದಲು ಉದುರಿದ ಮಗುವನ್ನು ಮಡಿಲಲ್ಲಿ ಮಲಗಿಸಿಕೊಂಡವರು ಅಲ್ಲಿರುತ್ತಾರೆ. ಅವರ ಪಕ್ಕದಲ್ಲಿಯೇ ಚಿಕಿತ್ಸೆ ಮುಗಿಸಿ ಐದಾರು ವರ್ಷವಾಗಿ, ವರ್ಷಕ್ಕೊಮ್ಮೆ ತೋರಿಸಿಕೊಂಡು ಹೋಗಲು ಬಂದ, ಮೀಸೆ ಮೂಡುತ್ತಿರುವ ಹುಡುಗರೂ ಇರಬಹುದು. ಅವರ ಅಪ್ಪಂದಿರನ್ನು ಮಾತನಾಡಿಸಿ. ಯಾವ ಊರು, ಎಷ್ಟು ವರ್ಷವಾಯಿತು ಎಂದು ಕೇಳಿ. ಸಂಜೆ ಬಸ್ಸಿನಲ್ಲಿ ಊರಿಗೆ ಮರಳುವಾಗ ಮಗಳಿಗೆ ಏನು ಹೇಳಬೇಕೆಂದು ನಿಮಗೇ ಗೊತ್ತಾಗುತ್ತದೆ.